ಬಿಕ್ಕಲಂ

ಊರಲ್ಲಿ ನನ್ನ ಅಕ್ಷರ ಚೆಂದ. ಅದಕ್ಕೇ ಕರೆಸಿದರು.
ಡೇರಿ ಕಟ್ಟೆಯ ಮೇಲೆ ಛಾಪಾ ಕಾಗದ,
ಹಾರದಂತೆ ಅದರ ಮೇಲೊಂದು ಹಾಲಿನ ಮಾಪು.

ಬರೀರಿ ಮಾಸ್ತರ, ಅಂದರು.
ಹೆಸರು ಬದಲಿಸತೇವಿ, ಹಣಿಗೆ ವಿಭೂತಿ ಹಚ್ಚತೇವಿ,
ಇಲ್ಲಾ ಊರು ಬಿಡತೇವಿ. ಎರಡರಾಗ ಒಂದು.

ದಾವಲಸಾಬ ಪಿಂಜಾರ ಕೈಕಟ್ಟಿ ನಿಂತಿದ್ದ,
ಹುಬ್ಬಿನಲ್ಲಿನ್ನೂ ಅರಳೆಯ ಎಳೆ.
ಹದಿನೈದು ದಿನದಿಂದ ಗಿರಣಿಯವ
ಅವನ ಜೋಳ ಬೀಸಿರಲಿಲ್ಲ;
ನುಚ್ಚು ಕುಟ್ಟಿ ಕುಟ್ಟಿ ಖಾಜಂಬಿಯ ಅಂಗೈಗೆ
ಬೊಬ್ಬೆ ಎದ್ದಿತ್ತು.

'ಮಠದಾಗ ಎಷ್ಟು ಸಲ ಹಚ್ಚಿಕೊಂಡೀನಲ್ರೀ,
ಯಾರೂ ಹೇಳದನ,' ಅಂದ.
ಅಷ್ಟೇ ಅಂದದ್ದು.
ಆಮೇಲೆ ಎರಡನೆಯದನ್ನು ಬರೆಯಲು ಹೇಳಿದ.

ಬರೆದೆ: ಸ್ವಸಂತೋಷದಿಂದ,
ಯಾರ ಒತ್ತಾಯವೂ ಇಲ್ಲದೆ.
ಸಂತೋಷದ ಸೊನ್ನೆ ದುಂಡಗೆ ಬಂತು.
ಕೆಳಗೆ ಅವನ ಹೆಬ್ಬೆಟ್ಟು, ಇಬ್ಬರ ಸಾಕ್ಷಿ,
ಬಿಕ್ಕಲಂ ಎಂದು ನನ್ನ ಹೆಸರು.

ತಾಳಿಕೋಟಿಗೆ ಹೊರಟ ಟಂಟಂನಲ್ಲಿ
ಹಿಂಜುವ ಬಿಲ್ಲು ಹಿಡಿಸಲಿಲ್ಲ.
ಹೊರಗೆ ಚಾಚಿದ ತುದಿಯನ್ನು ಮಗಳು ತಬ್ಬಿಕೊಂಡಿದ್ದಳು.
ಅಗಸಿ ದಾಟುವಾಗ ಕಲ್ಲಿಗೆ ತಾಗಿ
ನರ ಮಿಡಿಯಿತು, ಢಂಯ್ ಅಂತ ಒಮ್ಮೆ.
ಬಾಗಿಲಿಗೆ ಬಂದು ನಿಂತಿದ್ದವರು ಒಳಗೆ ಹೋದರು.

ಈಗ ಚಳಿ ಬಿದ್ದಿದೆ.
ಊರ ಗಾದಿಗಳೆಲ್ಲ ಗಂಟು ಕಟ್ಟಿವೆ,
ಒಡೆದು ಹಿಂಜುವವರಿಲ್ಲ.
ವಿಜಾಪುರದಾಗ ಫೋಮಿನವು ಸಿಗತಾವಂತ್ರೀ
ಅನ್ನುತ್ತಾಳೆ ಸೊಸೆ, ಹಳೆಯದನ್ನು ಬಿಸಿಲಿಗೆ ಎಳೆಯುತ್ತ.
ನಾನು ಬ್ಯಾಡ ಅಂದಿದ್ದೇನೆ. ಯಾಕೆಂದು ಹೇಳಿಲ್ಲ.

ರಾತ್ರಿ ಬೆನ್ನಿಗೊಂದು ಗಂಟು ಒತ್ತುತ್ತದೆ.
ಮಗ್ಗಲು ಬದಲಿಸಿದರೆ
ಇನ್ನೊಂದು.