ಚಪ್ಪಲಿ ಹೊರಗೆ ಬಿಡಿ

ಬಾಗಿಲಿಗೆ ಹಲಗೆ ತೂಗಿಸಿದ್ದು ಇನಾಸ ಬಾಬ:
'ದಯಮಾಡಿ ಚಪ್ಪಲಿ ಹೊರಗೆ ಬಿಡಿ.'
ಓದಿದವರೆಲ್ಲ ನಗುತ್ತಾರೆ,
ಚಪ್ಪಲಿ ನೋಡಲು ಬಂದು ಚಪ್ಪಲಿ ಬಿಡುವುದೇ ಎಂದು;
ನಕ್ಕು, ಬಿಟ್ಟು, ಹತ್ತು ರೂಪಾಯಿ ಕೊಟ್ಟು ಒಳಗೆ ಹೋಗುತ್ತಾರೆ.
ನಾನು ಹೊರಗೆ, ಸ್ಟೂಲಿನ ಮೇಲೆ,
ಬಿಟ್ಟದ್ದನ್ನು ಕಾಯುತ್ತೇನೆ.

ಕೋಡಿಬಾಗದ ಹಳೇ ಉಪ್ಪಿನ ಗೋದಾಮು ಇದು,
ಗೋಡೆ ಇನ್ನೂ ಬೆವರುತ್ತದೆ.
ಮೂವತ್ತೊಂದು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವ
ಬಂದರಿಗೊಂದು ಜೋಡಿನಂತೆ ತಂದಿದ್ದಾನೆ:
ಬಸ್ರಾದ ಒಂಟೆಚರ್ಮದ್ದು, ಮೊಂಬಾಸಾದ ಟಯರಿನದು,
ಜಪಾನಿನ ಎರಡು ಹಲ್ಲಿನ ಮರದ್ದು,
ಯಾರೋ ಸನ್ಯಾಸಿಯ ಹಾವುಗೆ
(ಕೊಟ್ಟದ್ದೋ ಕದ್ದದ್ದೋ ಹೇಳುವುದಿಲ್ಲ).
ಎಲ್ಲಕ್ಕೂ ಗಾಜು, ಗಾಜಿಗೆ ಬೀಗ.
ಹಾಲೆಂಡಿನದು ಮಾತ್ರ ಕಪಾಟಿಗೆ ಹಿಡಿಸದೆ ನೆಲದ ಮೇಲೆ,
ಥೇಟು ಒಂದು ಜೊತೆ ಪಾತಿದೋಣಿ,
ಹುಟ್ಟು ಇಲ್ಲ ಅಷ್ಟೆ.

ಒಳಗಿನವು ನನ್ನ ಹತ್ತಿರ ಮಾತಾಡುವುದಿಲ್ಲ.
ಒರೆಸಿ ಒರೆಸಿ ಅವುಗಳ ಕಾಲೇ ಹೋಗಿಬಿಟ್ಟಿದೆ.
ಹೊರಗಿನವೇ ವಾಚಾಳಿ.
ಬಸ್‌ಸ್ಟ್ಯಾಂಡಿನ ಗೋಳಿಮರದ ಕೆಳಗೆ ಅಪ್ಪ
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಕಲಿಸಿದ್ದ:
ಮುಖ ನೋಡಬೇಡ ಮಗಾ, ಅಟ್ಟೆ ನೋಡು.
ಹಿಮ್ಮಡಿಯ ಹೊರಗು ಸವೆದರೆ ಅವಸರದವ,
ಬಲ ಸವೆದು ಎಡ ಹಾಗೇ ಇದ್ದರೆ ಹೊರೆ ಹೊರುವವ,
ಎರಡೂ ಸಮ ಸವೆದಿದ್ದರೆ
ಅವನಿಗೆ ಉದ್ದರಿ ಕೊಡಬೇಡ.

ಅಪ್ಪನನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ,
ಅವನು ಹೊಲಿದದ್ದನ್ನು ಮೆಟ್ಟಿ ನಡೆದವರೂ.
'ಅವನ ರಂಪಿಗೆ ಕೊಡು, ಗಾಜಿನೊಳಗಿಡೋಣ,
ಹೆಸರು ಬರೆಸೋಣ, ಇಂಗ್ಲಿಷಿನಲ್ಲೂ'
ಅಂದಿದ್ದ ಇನಾಸ ಬಾಬ.
ಕೊಡಲಿಲ್ಲ.
ಅದಕ್ಕಿನ್ನೂ ಕೆಲಸವಿದೆ.
ಯಾರದಾದರೂ ಬಾರು ಕಿತ್ತಿದ್ದರೆ
ಅವರು ಜಪಾನು ನೋಡಿ ಬರುವಷ್ಟರಲ್ಲಿ
ಕೊಯ್ದು, ಕೂಡಿಸಿ, ಎರಡು ಹೊಲಿಗೆ ಹಾಕಿಟ್ಟಿರುತ್ತೇನೆ.
ಅವರಿಗೆ ಗೊತ್ತಾಗುವುದು ಕಾಳಿಯ ಸೇತುವೆ ದಾಟಿದ ಮೇಲೆ,
ಗೊತ್ತಾದರೆ.

ನಿನ್ನೆ, ಟಾರು ಕುದಿಯುವ ಮೂರು ಗಂಟೆಗೆ,
ಮೀನು ಮಾರಿ ಮುಗಿಸಿ ಶೇವಂತಿ ಹರಿಕಂತ್ರ ಬಂದಳು,
ಖಾಲಿ ಬುಟ್ಟಿ ತಲೆಗೆ ಕವುಚಿಕೊಂಡು.
'ಯಂತದೇ ಅದು ಒಳಗೆ?'
'ಚಪ್ಪಲಿ.'
'ನೋಡೂಕೆ ದುಡ್ಡಾ?'
'ಹತ್ತು.'
'ಹಾಕಿ ನೋಡೂಕೆ?'
ಹಲಗೆ ತೋರಿಸಿದೆ. ಅವಳು ಹಲಗೆ ನೋಡಿದಳು,
ತನ್ನ ಪಾದ ನೋಡಿದಳು.
ಬಿಡಲು ಅಲ್ಲಿ ಏನೂ ಇರಲಿಲ್ಲ.
ಬುಟ್ಟಿ ಬಿಟ್ಟಳು.

ಸ್ವಲ್ಪ ಹೊತ್ತು ಏನಿಲ್ಲ.
ಆಮೇಲೆ
ಟೊಕ್.
ಟೊಕ್ ಟೊಕ್.
ಎದ್ದು ಓಡಿದೆ.
ಕಚ್ಚೆ ಹಾಕಿದ ಸೀರೆ ಹಾಗೇ ಮೊಣಕಾಲ ಮೇಲೆ,
ಸಿಮೆಂಟು ನೆಲದಲ್ಲಿ
ಹಾಲೆಂಡು ಮೆಟ್ಟಿಕೊಂಡು ಹೊರಟಿದ್ದಾಳೆ ಶೇವಂತಿ
ಬಸ್ರಾದಿಂದ ಮೊಂಬಾಸಾಕ್ಕೆ,
ಮೊಂಬಾಸಾದಿಂದ ಕಿಟಕಿಗೆ.
'ಮೀನಪೇಟೆ ಕೆಸರಿಗೆ ಅಡ್ಡಿಲ್ಲ ಇದು,' ಅಂದಳು,
'ಎಷ್ಟಂತೆ?'

ತೆಗೆಯೇ, ಒಡೆದೀತು, ಎನ್ನಲು ಬಾಯಿ ತೆರೆದಿದ್ದೆ.
ಅಷ್ಟರಲ್ಲಿ ಒಳಕೋಣೆಯಿಂದ,
ಶಿಮಗೆಯ ನಂತರ ಹಾಸಿಗೆ ಬಿಟ್ಟೇಳದ ಮುದುಕ
ಕೂಗಿದ, 'ಕೋಣ ಆಯ್ಲಾ ಗೊ?'
ತಡೆದು, ಮೆಲ್ಲಗೆ,
ಯಾವ ಬಂದರಿನದೋ ಭಾಷೆಯಲ್ಲಿ ಇನ್ನೇನೋ ಕೇಳಿದ.
ನನಗೆ ತಿಳಿಯಲಿಲ್ಲ. ಅವಳಿಗೂ.
ಆದರೂ ಕರೆದವರಿಗೆ ಓಗೊಡದೆ ಇರಬಾರದಲ್ಲ,
ಶೇವಂತಿ ಇನ್ನೂ ನಾಲ್ಕು ಹೆಜ್ಜೆ
ಗಟ್ಟಿಯಾಗಿ ಇಟ್ಟಳು.

ಸಂಜೆ ಲೆಕ್ಕ ಕೂಡಲಿಲ್ಲ:
ಟಿಕೇಟು ಏಳು, ಜೋಡು ಆರು.
ಒರೆಸುವ ಬಟ್ಟೆ ಹಿಡಿದು ಬಗ್ಗಿದರೆ
ಎಡಗಾಲಿನದರ ತಳದಲ್ಲಿ ಒಂದು ಹುರುಪೆ,
ಶೇವಟೆ ಮೀನಿನದಿರಬೇಕು,
ಕಿರುಬೆರಳಿನ ಉಗುರಿನಷ್ಟು.
ಬಟ್ಟೆ ಮಡಚಿಟ್ಟೆ.

ಬೀಗ ಹಾಕಿ, ಮನೆಗೆ ಹೊರಡುವ ಮೊದಲು
ಎಷ್ಟೋ ವರ್ಷದ ಮೇಲೆ
ನನ್ನವೇ ಎತ್ತಿ ಅಟ್ಟೆ ತಿರುಗಿಸಿದೆ.
ಕೂತು ಕಾಯುವವಳ ಜೋಡು:
ಎರಡೂ ಸಮ.