ಎಂಜಲ ಕಲ್ಲು

ಮೊದಲು ಬಲದವಡೆಯ ಕೆಳಗೆ ಊದಿತು,
ನೆಲ್ಲಿಕಾಯಿ ಗಾತ್ರ.
ಊಟಕ್ಕೆ ಕೂತರೆ ಏಳುವುದು,
ಎದ್ದು ಕೈ ತೊಳೆದರೆ ಕೂರುವುದು.
ನನ್ನ ಹೊಟ್ಟೆಗಿಂತ ಮುಂಚೆ ಅದಕ್ಕೆ ಗೊತ್ತಾಗುತ್ತಿತ್ತು
ಯಾರ ಬುತ್ತಿಯಲ್ಲಿ ಉಪ್ಪೆಸರು ಅಂತ.

ಕೆಪ್ಪಟರಾಯ ಕಣೇ, ಅಂದಳು ಮಾಬುನ್ನಿಸಾ.
ಈ ವಯಸ್ಸಿಗೆ?
ಆದರೂ ಕೆಮ್ಮಣ್ಣು ಬಳಿದುಕೊಂಡೆ,
ನಾದಿನಿಯ ಚಿನ್ನದ ಸರ ಕೊರಳಿಗೆ ಹಾಕಿಕೊಂಡೆ.
ಮೂರು ದಿನ ಮಂಡಿ ಸಾಹುಕಾರನ ಹೆಂಡತಿಯ ಹಾಗಿದ್ದೆ,
ಕೆನ್ನೆಯೊಂದು ಬಿಟ್ಟು.

ಬಟವಾಡಿ ಯಾರ್ಡಿನ ತಗಡಿನ ಕೆಳಗೆ
ನಾವು ಹದಿನೇಳು ಜನ ಹುಣಸೆ ಕುಟ್ಟುವವರು.
ಓಡು ಒಂದು ಕಡೆ, ನಾರು ಒಂದು ಕಡೆ,
ಬೀಜ ಒಂದು ಕಡೆ, ಹಣ್ಣು ಅವರ ಕಡೆ.
ಕೂಲಿ ಕೆಜಿ ಲೆಕ್ಕ.
ಹುಳಿ ಇಲ್ಲಿ ಗಾಳಿಯಲ್ಲೇ ಇದೆ,
ಉಸಿರೆಳೆದರೆ ಸಾಕು.
ಊರಿಗೆಲ್ಲ ಬಾಯಲ್ಲಿ ನೀರೂರಿದರೆ ರುಚಿ,
ನನಗೆ ಕಿವಿಯ ತನಕ ದಬ್ಬಣ.

ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅನ್ನುತ್ತಾರೆ.
ನನಗೆ ಐವತ್ತೆರಡು. ದವಡೆಗೆ ಎಷ್ಟೋ.

ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ, ನನ್ನ ಕಿರಿಮಗಳ ಓರಗೆ,
ನಾಲಿಗೆಯಡಿ ಬೆರಳಿಟ್ಟು
ಬಾವಿಗೆ ಬಿದ್ದ ಬಿಂದಿಗೆ ಹುಡುಕುವ ಹಾಗೆ ತಡಕಾಡಿದಳು.
ಸಿಕ್ಕಿತು, ಅಂದಳು.
ಎಂಜಲು ಹರಿಯುವ ದಾರಿಯಲ್ಲಿ ಕಲ್ಲು ಕೂತಿದೆಯಂತೆ.
ನಾನು ನಕ್ಕುಬಿಟ್ಟೆ.
ಮೂತ್ರದಲ್ಲಿ ಕಲ್ಲು ಕೇಳಿದ್ದೇನೆ,
ಅಕ್ಕಿಯಲ್ಲಿ ಕಲ್ಲು ನಲವತ್ತು ವರ್ಷ ಆರಿಸಿದ್ದೇನೆ,
ಬಾಯಿ ತನಗೆ ತಾನೇ ಕಲ್ಲು ಕಟ್ಟಿಕೊಳ್ಳುತ್ತದೆ ಅಂತ
ಯಾರು ಹೇಳಿದ್ದರು?

ಉಗುಳಲ್ಲಿರೋ ಸುಣ್ಣವೇ ಕಣಮ್ಮ, ಪದರ ಪದರ ಕೂರುತ್ತೆ,
ನೀರು ಸಾಲದಿದ್ದರೆ ಉಗುಳೂ ಗಟ್ಟಿಯಾಗುತ್ತೆ.
ದಿನಕ್ಕೆ ಎಷ್ಟು ಕುಡೀತೀರ?

ಅದಕ್ಕೆ ನಾನು ಉತ್ತರ ಹೇಳಲಿಲ್ಲ.

ಎಂಟಕ್ಕೆ ಕೂತರೆ ಏಳುವುದು ಸಂಜೆ ಆರಕ್ಕೆ.
ಕಕ್ಕಸಿನ ಬೀಗದ ಕೈ ರೈಟರ್ ಚಿದಾನಂದಯ್ಯನ ಜೇಬಲ್ಲಿ.
ಕೇಳಿದರೆ, ಈಗ ತಾನೇ ಹೋಗಿದ್ರಲ್ಲ, ಅನ್ನುತ್ತಾನೆ
ಹಮಾಲರೆಲ್ಲ ತಿರುಗಿ ನೋಡುವ ಹಾಗೆ.
ಗೋಡೆಯ ಹಿಂದೆ ಲಾರಿಗಳು,
ಲಾರಿಗಳ ಹಿಂದೆ ಕ್ಲೀನರ್ ಹುಡುಗರು.
ಬಾಯಿ ಒಣಗಿಸಿಕೊಳ್ಳುವುದನ್ನು ಹೀಗೆ ಕಲಿತೆವು:
ಮಾಬುನ್ನಿಸಾ ಒಂದು ಲೋಟ, ನಾನು ಅರ್ಧ,
ಬಸುರಿ ಗಂಗಹನುಮಕ್ಕ ತುಟಿ ಒದ್ದೆಯಾಗುವಷ್ಟು.

ನಿಂಬೆಹಣ್ಣು ಚೀಪಿ, ದವಡೆ ಹಿಂದಿನಿಂದ ಮುಂದಕ್ಕೆ ನೀವಿ,
ಬರದಿದ್ದರೆ ಕೊಯ್ದು ತೆಗೆಯೋಣ, ಅಂತ ಚೀಟಿ.
ನಿಂಬೆಹಣ್ಣಂತೆ!
ಕ್ವಿಂಟಾಲುಗಟ್ಟಲೆ ಹುಳಿ ಮುಂದಿಟ್ಟುಕೊಂಡವಳಿಗೆ.

ಒಂಬತ್ತನೇ ದಿನ, ಬಿಸಿಲು ನೆತ್ತಿಗೆ ಬಂದಾಗ,
ಒಂದು ತೊಳೆ ಹೊಸ ಹಣ್ಣು, ಒಂದು ಹರಳು ಉಪ್ಪು
ಕದ್ದು ಬಾಯಿಗಿಟ್ಟೆ.
(ತಿಂದದ್ದು ಕಂಡರೆ ಕೂಲಿಯಲ್ಲಿ ಹಿಡಿಯುತ್ತಾರೆ.)
ದವಡೆ ಬಿಗಿದು ಕಣ್ಣು ಕತ್ತಲಾಯಿತು.
ಹೆಬ್ಬೆರಳಲ್ಲಿ ನೀವಿದೆ,
ಕರು ಸತ್ತ ಹಸುವಿನ ಕೆಚ್ಚಲು ನೀವಿದ ಹಾಗೆ,
ಮೆಲ್ಲಗೆ, ಬೈಯುತ್ತ.
ಏನೋ ಜಾರಿತು.
ಬಾಯಿ ತುಂಬ ಉಪ್ಪುನೀರು, ಹಳಸಿದ ವಾಸನೆ,
ನಾಲಿಗೆಯ ತುದಿಗೆ ಗಟ್ಟಿ.

ಅಂಗೈಗೆ ಉಗಿದೆ.
ನುಚ್ಚಕ್ಕಿಯಷ್ಟು. ಹಳದಿ. ಒರಟು.
ಇಷ್ಟೇನಾ.
ಮಾಬುನ್ನಿಸಾ ಬಗ್ಗಿ ನೋಡಿ
ಮಗು ನಿನ್ನ ಹಾಗೇ ಇದೆ, ಅಂದಳು.

ಸೆರಗಿನ ತುದಿಗೆ ಒರೆಸಿ
ರೈಟರನ ತಕ್ಕಡಿಯ ಮೇಲಿಟ್ಟೆ.
ಕೆಂಪು ಸೊನ್ನೆ ಸೊನ್ನೆಯಾಗಿಯೇ ಇತ್ತು.
ಏನಮ್ಮ ಇದು?
ನಿಮ್ಮ ಯಾರ್ಡಿನ ಮಾಲೇ ಸಾರ್, ತೂಕ ಹಾಕಿ.
ಥೂ, ಎಂಜಲು, ಆಚೆ ತೆಗಿ, ಅಂದ.
ನಾವು ಮುಟ್ಟಿದ ಹುಣಸೆ
ಅವನ ಮನೆಯ ಸಾರಿನಲ್ಲಿ ಬೆಳಿಗ್ಗೆಯೇ ಕುದಿದಿತ್ತು.
ಹೇಳಲಿಲ್ಲ.

ನಲ್ಲಿಗೆ ಹೋದೆ.
ಒಂದು ಲೋಟ. ಇನ್ನೊಂದು. ಮತ್ತೊಂದು.
ಸುತ್ತಿಗೆಗಳು ನಿಂತವು, ಎಲ್ಲರೂ ನೋಡುತ್ತಿದ್ದರು.
ಗಂಗಹನುಮಕ್ಕ ಹೊಟ್ಟೆ ಹಿಡಿದು ಎದ್ದು ಬಂದು
ಲೋಟಕ್ಕೆ ಕೈ ಚಾಚಿದಳು.

ಈಗ ಒಂದೂವರೆ.
ನಾಲ್ಕು ಗಂಟೆಯ ಹೊತ್ತಿಗೆ ಗೊತ್ತಾಗುತ್ತದೆ.