ಅಕ್ಟೋಬರ್ ಉದುರುವವರೆಗೆ

ಮೂರನೇ ಮಹಡಿ. ಕಿಟಕಿಯಾಚೆ ಮೌಮಿ ನದಿ
ಹೆಪ್ಪು ಬಿಟ್ಟು ಕೆಸರುಬಣ್ಣಕ್ಕೆ ಮರಳಿದೆ.
ವಕೀಲರ ಕೋಣೆಯ ಹೊರಗೆ ನನ್ನ ಮೇಜು, ನನ್ನ ಕ್ಯಾಲ್ಕುಲೇಟರ್.
ಟೊಲೀಡೊದಲ್ಲಿ ಮುಳುಗಿದವರ ಸಂಬಳದ ಚೀಟಿ ಕೂಡುವುದು ನನ್ನ ಕೆಲಸ:
ಆರು ತಿಂಗಳು ಕೂಡು, ಆರರಿಂದ ಭಾಗಿಸು,
ಹನ್ನೆರಡರಿಂದ ಗುಣಿಸು.
ಬಂದ ಉತ್ತರಕ್ಕೆ ಒಂದು ಹೆಸರು ಬರೆ.

ವರ್ನಾ ಡೊಂಬ್ರೊವ್ಸ್ಕಿ ಬಂದದ್ದು ಏಪ್ರಿಲ್ ಮೂರಕ್ಕೆ,
ಕಂಕುಳಲ್ಲಿ ಬೂಟಿನ ಪೆಟ್ಟಿಗೆ, ಅದರ ತುಂಬ ಕಾಗದ.
ಗಾಜಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕುಲುಮೆ ಕಾದವಳು;
ಹುಬ್ಬು ಅರ್ಧ ಸುಟ್ಟಿದೆ, ಪೆನ್ಸಿಲ್ಲಿನಿಂದ ತಿದ್ದಿದ್ದಾಳೆ.
ಸೋರುವ ಸೂರು, ಕೆಟ್ಟ ಮೊಣಕಾಲು,
ಡಿಸೆಂಬರಿನಲ್ಲಿ ಸತ್ತ ಮನೆಯ ಹೀಟರು,
ನಾಲ್ಕು ಕ್ರೆಡಿಟ್ ಕಾರ್ಡು. ಒಂದರ ಹೊಟ್ಟೆಗೆ ಇನ್ನೊಂದನ್ನು
ಎಂಟು ವರ್ಷ ಉಣಿಸಿದ್ದಾಳೆ.
ಫೆಬ್ರವರಿಯಿಂದ ವಾರಕ್ಕೆ ಇಪ್ಪತ್ತೆರಡೇ ಗಂಟೆ ಕೆಲಸ.
"ಈಗಲಾದರೂ ಪಾಸಾಗ್ತೀನಾ?" ಅಂದಳು.

ಆಗಲಿಲ್ಲ.

ಕಾನೂನಿಗೆ ಕಣ್ಣಿರುವುದು ಹಿಂದಲೆಯಲ್ಲಿ.
ಹಾಸಿಗೆ ಇವತ್ತು ಎಷ್ಟುದ್ದ ಎಂದು ಅದು ಮೊದಲು ಕೇಳುವುದಿಲ್ಲ,
ಅಕ್ಟೋಬರಿನಿಂದ ಮಾರ್ಚಿನವರೆಗೆ ಎಷ್ಟಿತ್ತು, ಹೇಳು, ಎನ್ನುತ್ತದೆ.
ಆ ಅಕ್ಟೋಬರಿನಲ್ಲಿ,
ಪಾಳಿಯ ಅರ್ಧ ಜನ ಕೆಮ್ಮಿ ಮಲಗಿದ ಆ ಅಕ್ಟೋಬರಿನಲ್ಲಿ,
ವರ್ನಾ ಒಬ್ಬಳೇ ಮೂವರಾಗಿದ್ದಳು.
ಓವರ್‌ಟೈಮಿನ ಚೀಟಿ ನನ್ನ ಮೇಜಿನ ಮೇಲೆ
ಎದೆಯುಬ್ಬಿಸಿ ನಿಂತಿತು, ಸಾಲ ಕೊಟ್ಟವರ ಕಡೆಯ ಸಾಕ್ಷಿಯಂತೆ.
ಆ ದುಡ್ಡೋ, ಹೊಸ ಹೀಟರಿನಲ್ಲಿ ಯಾವತ್ತೋ ಬೆಚ್ಚಗಾಗಿ
ಚಿಮಣಿಯಿಂದ ಹೊರಟುಹೋಗಿದೆ.

ಓಹಾಯೊದಲ್ಲಿ ಒಂಟಿ ಮನೆಗೊಂದು ಸರಾಸರಿಯ ಗೆರೆ.
ಅದಕ್ಕಿಂತ ಅವಳು ತಿಂಗಳಿಗೆ ನಲವತ್ತೊಂದು ಡಾಲರ್ ಎತ್ತರ.
ಮೂರು ಸಲ ಕೂಡಿದೆ. ನಲವತ್ತೊಂದು.
ಗೆರೆಯ ಕೆಳಗೆ ಏಳನೇ ಅಧ್ಯಾಯ: ಸಾಲ ಅಲ್ಲಿ ಸಾಯುತ್ತದೆ.
ಮೇಲಿದ್ದರೆ ಲೆಕ್ಕದ ಮೇಲೆ ಲೆಕ್ಕ, ಕೊನೆಗೆ ಹದಿಮೂರನೆಯದು:
ಅಲ್ಲಿ ಅದು ಐದು ವರ್ಷ ನಿನ್ನ ತಟ್ಟೆಯಲ್ಲೇ ಉಣ್ಣುತ್ತದೆ.

ದಿವಾಳಿಯಾಗುವಷ್ಟೂ ನೀನು ಬಡವಿಯಲ್ಲ ಅಂತ
ಮರ್ಯಾದೆಯಾಗಿ ಹೇಳುವುದು ಹೇಗೆ?
ನಾನು ಕಾಫಿ ಬೇಕಾ ಅಂದೆ.

ವಕೀಲರು ಕ್ಯಾಲೆಂಡರ್ ತಿರುಗಿಸಿದರು. "ಮೇ ಒಂದಕ್ಕೆ ಬನ್ನಿ.
ಆಗ ಅಕ್ಟೋಬರ್ ಉದುರಿರುತ್ತೆ."
ಅವಳು ನಕ್ಕಳು. "ನಮ್ಮ ಬೀದಿಯ ಮೇಪಲ್ ಮರ
ಆ ಕೆಲಸ ಅಕ್ಟೋಬರಿನಲ್ಲೇ ಮುಗಿಸಿತ್ತು."

ನಾಲ್ಕು ವಾರ. ಫೋನಿನಲ್ಲಿ ಸಾಲ ವಸೂಲಿಯವರು,
ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟೂವರೆಗೆ.
ಇಪ್ಪತ್ತೊಂದನೇ ತಾರೀಕು ಅವಳದೇ ಫೋನು, ಪಿಸುದನಿ,
ಹಿಂದೆ ಯಂತ್ರಗಳ ಗರ್ಜನೆ:
"ಪಾಳಿಯ ಮುಖ್ಯಸ್ಥೆ ಆಗ್ತೀಯಾ ಅಂತ ಕೇಳಿದ್ದಾರೆ.
ಪೂರ್ತಿ ಗಂಟೆ. ಗಂಟೆಗೆ ನಾಲ್ಕು ಡಾಲರ್ ಜಾಸ್ತಿ.
ಹತ್ತೊಂಬತ್ತು ವರ್ಷದಲ್ಲಿ ಮೊದಲನೇ ಸಲ
ನನ್ನ ಕುಲನಾಮ ತಪ್ಪಿಲ್ಲದೆ ಉಚ್ಚರಿಸಿದರು.
ಬೇಡ ಅನ್ನಲಾ?"

ಸಲಹೆ ಕೊಡುವ ಅಧಿಕಾರ ನನಗಿಲ್ಲ.
ವಕೀಲರನ್ನೇ ಕೇಳಿದೆ: ಪರೀಕ್ಷೆಯಲ್ಲಿ ಗೆದ್ದರೂ ಗೆಲ್ಲಬಹುದು,
ಆದರೆ ಅರ್ಜಿಯ ಮುಂದಿನ ಪುಟ ಮುಂದಿನ ಸಂಬಳ ಕೇಳುತ್ತದೆ,
ಟ್ರಸ್ಟಿಗೆ ಹಣೆಯಲ್ಲೂ ಎರಡು ಕಣ್ಣು, ಅಂದರು.
ಮುಚ್ಚಿಟ್ಟರೆ ಅಪರಾಧ.
ಹೇಳಿದರೆ, ನೋಡೋಣ.

"ನೋಡೋಣ" ಎಂಬುದನ್ನು ಫೋನಿನಲ್ಲಿ ದಾಟಿಸಿದೆ.
ಅತ್ತ ಕಡೆ ಬಹಳ ಹೊತ್ತು ಬರೀ ಯಂತ್ರ.
ಆಮೇಲೆ: "ಅಮ್ಮ ಬದುಕಿದ್ದರೆ ಈ ಸುದ್ದಿಗೆ ಕೇಕ್ ಮಾಡ್ತಿದ್ದಳು."

ಇವತ್ತು ಮೇ ಒಂದು. ಅದೇ ಬೂಟಿನ ಪೆಟ್ಟಿಗೆ.
ಹುಬ್ಬು ತಿದ್ದಿಕೊಂಡಿಲ್ಲ.
ಎಲ್ಲಕ್ಕಿಂತ ಮೇಲೆ ಏಪ್ರಿಲಿನ ಕೊನೆಯ ಚೀಟಿ,
ನಾಲ್ಕು ಮಡಿಕೆ ಮಡಿಸಿದ್ದು.
ಏನಂದಿರಿ ಅವರಿಗೆ, ಎಂದು ನಾನು ಕೇಳಲಿಲ್ಲ.
ಅವಳು ನದಿಯ ಕಡೆ ನೋಡುತ್ತ ಕೂತಿದ್ದಾಳೆ.
ಒಂದು ಮಡಿಕೆ ಬಿಡಿಸಿದೆ.
ಇನ್ನೊಂದು.